ಹೆಸರು ಹೇಳಿದವರಿಗಷ್ಟೇ ಬಾಗಿಲು

ರಬಕವಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಒಂದೇ ಒಂದು ಮಾತಿನಿಂದ ನಾನು ನಾಲ್ಕು ಊರಿನ ಕಂಪ್ಯೂಟರುಗಳನ್ನು ಎಬ್ಬಿಸಿದ್ದೇನೆ. ಆ ದಿನ ನಾನು ಬಾಯಿ ತೆರೆಯದೆ ಹೋಗಿದ್ದರೆ ಹೊಳೆಯ ಎರಡೂ ದಂಡೆಯ ಹತ್ತು ಲಕ್ಷ ಮಂದಿ ಉಪವಾಸ ಮಲಗುತ್ತಿದ್ದರು. ಇದರಲ್ಲಿ ಅರ್ಧ ಸುಳ್ಳು. ಹತ್ತು ಲಕ್ಷ ಅಲ್ಲ, ಆರುನೂರು ಮಂದಿ ಇರಬಹುದು. ಅವರೂ ಉಪವಾಸ ಮಲಗುತ್ತಿರಲಿಲ್ಲ, ಅನ್ನ ಉಣ್ಣುತ್ತಿದ್ದರು. ಆದರೆ ರೊಟ್ಟಿ ಮುಟ್ಟದೆ ಎದ್ದವನನ್ನು ನಮ್ಮ ಕಡೆ ಉಂಡವನೆಂದು ಯಾರು ಎಣಿಸುತ್ತಾರೆ? ಒಂದೇ ಮಾತು ಅಂದೆನಲ್ಲ, ಅದು ಮಾತ್ರ ಪೂರ್ತಿ ಖರೆ.

ನನ್ನ ಹೆಸರು ಶಿವಗಂಗವ್ವ. ನಮ್ಮದು ಖಡಕ್ ರೊಟ್ಟಿಯ ಕೆಲಸ. ಹಿತ್ತಲಲ್ಲಿ ಹದಿನಾಲ್ಕು ಒಲೆ, ಒಲೆಗೊಬ್ಬ ಹೆಂಗಸು. ರೊಟ್ಟಿ ಎಷ್ಟು ತೆಳ್ಳಗೆಂದರೆ ಕಣ್ಣಿಗೆ ಅಡ್ಡ ಹಿಡಿದು ಬಸ್ಸಿನ ಬೋರ್ಡು ಓದಬಹುದು. ನನಗೆ ರೊಟ್ಟಿ ಅಡ್ಡ ಇಲ್ಲದೆಯೂ ಓದಲು ಬರುವುದಿಲ್ಲ, ಆ ಮಾತು ಬೇರೆ. ಅಂಗಡಿಗಳು ನಾಲ್ಕು. ಇಲ್ಲಿಯದನ್ನು ಹಿರಿಯ ಸೊಸೆ ಗಂಗಾಂಬಿಕಾ ನೋಡುತ್ತಾಳೆ, ಜಮಖಂಡಿಯದನ್ನು ನಡುವಿನ ಸೊಸೆ ಸರಿತಾ, ಮುಧೋಳದ್ದನ್ನು ಕಿರಿಯ ಸೊಸೆ ಪ್ರೀತಿ. ಬೀಳಗಿಯದು ನನ್ನ ನೆಗೆಣ್ಣಿ ಯಲ್ಲಕ್ಕನ ಕೈಯಲ್ಲಿದೆ. ಅಂದರೆ ನನ್ನ ಮೈದುನನ ಹೆಂಡತಿ. ಗಂಡಸರು ಜೋಳದ ಚೀಲ ಹೊರುತ್ತಾರೆ, ಕೇಳಿದಾಗ ಹೂಂ ಅನ್ನುತ್ತಾರೆ. ಹೀಗೆ ಎಲ್ಲವೂ ಸುಸೂತ್ರವಾಗಿ ನಡೆದಿದೆ.

ಯಾವ ಅಂಗಡಿಗೆ ಎಷ್ಟು ರೊಟ್ಟಿ, ಎಷ್ಟು ಶೇಂಗಾ ಚಟ್ನಿ, ಯಾರ ಮನೆಯ ಸೀಮಂತಕ್ಕೆ ಎಷ್ಟು ಕಟ್ಟು ಎಂಬ ಪಟ್ಟಿಯನ್ನು ಇಟ್ಟುಕೊಳ್ಳುವುದು ಒಂದು ಮಶೀನು. ಎರಡು ವರ್ಷದ ಹಿಂದೆ ಗಂಗಾಂಬಿಕಾಳ ಮಗಳು ವೈಶಾಲಿ ಇಂಜಿನಿಯರಿಂಗ್ ಓದುತ್ತಲೇ ಅದನ್ನು ಮಾಡಿದಳು. ಮಶೀನು ನಮ್ಮ ಮನೆಯಲ್ಲಿಲ್ಲ. ದೂರದ ಯಾವುದೋ ಕಂಪನಿಯ ಕಟ್ಟಡದಲ್ಲಿ ಬಾಡಿಗೆಗೆ ಹಿಡಿದಿದ್ದು. ನೋಡಿದವರಿಲ್ಲ, ಮುಟ್ಟಿದವರಿಲ್ಲ, ಆದರೂ ಎಲ್ಲರ ಕೆಲಸ ನಡೆಸುತ್ತದೆ. ಇಂಥದ್ದನ್ನು ನಾನು ದೇವರನ್ನು ಬಿಟ್ಟರೆ ಇದರಲ್ಲೇ ಕಂಡದ್ದು. ದೇವರಿಗೆ ಕರೆಂಟಿನ ಗೊಡವೆ ಇಲ್ಲ, ಅಷ್ಟೇ ವ್ಯತ್ಯಾಸ.

ಹೋದ ತಿಂಗಳು ಒಂದು ಎಡವಟ್ಟಾಯಿತು. ವೈಶಾಲಿ ಕಲಿಯುವಾಗ ಮಾಡಿದ ಬೇರೆ ಮಶೀನುಗಳೂ ನಮ್ಮ ರೊಟ್ಟಿಯ ಮಶೀನೂ ಒಂದೇ ನೆಟ್‌ವರ್ಕಿನಲ್ಲಿದ್ದವು. ನೆಟ್‌ವರ್ಕ್ ಅಂದರೇನು ಎಂದು ಕೇಳಿದ್ದಕ್ಕೆ "ಓಣಿ ಅಂತ ತಿಳ್ಕೋ ಆಯಿ" ಅಂದಳು. ಆ ಓಣಿಯ ಒಂದು ಹಳೇ ಮಶೀನಿನೊಳಗೆ ಹೊರಗಿನ ಕಳ್ಳನೊಬ್ಬ ಹೊಕ್ಕಿದ್ದ. ವೈಶಾಲಿ ಅವನನ್ನು ಹೊರಗೆ ಹಾಕಿದಳು, ನಮ್ಮದಕ್ಕೆ ಏನೂ ಆಗಲಿಲ್ಲ. ಆದರೆ ಸುದ್ದಿ ಅವಳವ್ವನ ಕಿವಿಗೆ ಬಿತ್ತು. ಗಂಗಾಂಬಿಕಾ ಹಾಲು ಉಕ್ಕಿದರೂ ಪಂಚಾಯಿತಿ ಕರೆಯುವವಳು.

"ಲೇ ವೈಶಾಲಿ, ಕಲಿಯೂದು ಬ್ಯಾರೆ, ಮಂದಿ ಹೊಟ್ಟಿ ಮ್ಯಾಲ ಕಲಿಯೂದು ಬ್ಯಾರೆ. ಇದನ್ನೆಲ್ಲಾ ನೋಡಿಕೊಳ್ಳೂ ಕಂಪನಿ ಅದಾವಂತ. ಅವರಿಗೆ ಒಪ್ಪಿಸಿಬಿಡೂಣು."

"ಯವ್ವಾ, ಒಂದ ಸಲ ಕೇಳು. ನಮ್ಮ ಮಶೀನ್ ಅಷ್ಟ ಬ್ಯಾರೆ ಓಣಿಗೆ ಸಾಗಸ್ತೇನಿ. ಅಲ್ಲಿ ಅದೊಂದ ಇರ್ತೈತಿ. ಯಾವ ಕಳ್ಳನೂ ಹಾಯೂದಿಲ್ಲ."

"ಯಾವಾಗ?"

"ಶನಿವಾರ ಮುಂಜಾನಿ ಶುರು ಮಾಡಿ ಹನ್ನೆರಡಕ್ಕ ಮುಗಸ್ತೇನಿ."

"ಹನ್ನೆರಡಕ್ಕ ಮುರಗೆಪ್ಪ ರೊಟ್ಟಿ ಟೆಂಪೋ ಬಿಡ್ತಾನ. ಅಷ್ಟರಾಗ ನಾಕೂ ಅಂಗಡ್ಯಾಗ ಪಟ್ಟಿ ಕಾಣಬೇಕು. ಒಂದರಾಗ ಕಾಣಲಿಲ್ಲಂದ್ರೂ ಸೋಮವಾರ ಕಂಪನ್ಯಾವರು ಬರ್ತಾರ. ನೀ ಒಲಿ ಮುಂದ ರೊಟ್ಟಿ ಬಡಿಯಾಕ ಕುಂದ್ರು."

"ಅಷ್ಟ ಮಾಡಬ್ಯಾಡ ಬೇ," ಅಂದೆ ನಾನು. "ಆಕಿ ರೊಟ್ಟಿ ಬಡದ್ರ ಹಂಚು ಎದ್ದು ತವರಮನಿಗೆ ಹೋಗ್ತೈತಿ."

ವೈಶಾಲಿ ನಗಲಿಲ್ಲ. ನನ್ನ ಮಾತಿಗೆ ನಗದವರನ್ನು ಕಂಡರೆ ನನಗೆ ಜ್ವರ ಬರುತ್ತದೆ. ಹತ್ತಿರ ಹೋಗಿ ನೋಡಿದರೆ ಹುಡುಗಿಯ ಕಣ್ಣು ತುಂಬಿತ್ತು. ಆ ಕೆಲಸ ತನ್ನದೇ ಆಗಬೇಕೆಂದು ಎರಡು ವರ್ಷದಿಂದ ಅವಳ ಜೀವ ಅದರಲ್ಲೇ ಇತ್ತು.

ಶನಿವಾರ ಒಂಬತ್ತಕ್ಕೆ ವೈಶಾಲಿ ಲ್ಯಾಪ್‌ಟಾಪ್ ಹಿಡಿದು ಕಟ್ಟೆಗೆ ಬಂದಳು. ನಾನು ಶೇಂಗಾ ಸುಲಿಯುವ ನೆಪ ಮಾಡಿಕೊಂಡು ಪಕ್ಕದಲ್ಲಿ ಕುಳಿತೆ. ಗಂಗಾಂಬಿಕಾ ಪಡಸಾಲೆಯಲ್ಲಿ ಹಿಟ್ಟು ನಾದುತ್ತ ಕಿವಿಯನ್ನು ಮಾತ್ರ ನಮ್ಮ ಕಡೆ ಕಳಿಸಿದ್ದಳು.

"ಈಗ ಮಶೀನ್ ಎತ್ತಿ ಆ ಓಣ್ಯಾಗ ಇಡ್ತಿ, ಹೌದಿಲ್ಲೋ?" ಅಂದೆ.

"ಎತ್ತಾಕ ಬರೂದಿಲ್ಲ ಆಯಿ. ಒಂದು ಓಣ್ಯಾಗ ಹುಟ್ಟಿದ ಮಶೀನು ಇನ್ನೊಂದು ಓಣಿಗೆ ಹಾಂಗ ಹೋಗೂದಿಲ್ಲ. ಅದನ್ನ ಅಳಸಬೇಕು."

"ಅಳಸೂದಾ?" ಎಂದು ಗಂಗಾಂಬಿಕಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ನೋಡ್ರಿ ಅತ್ತಿ, ನಿಮ್ಮ ಮೊಮ್ಮಗಳು ಸಾಗಸ್ತೇನಿ ಅಂದಾಕಿ ಅಳಸಾಕ ಕುಂತಾಳ!"

"ಯವ್ವಾ, ಪೂರಾ ಕೇಳು. ಮಶೀನ್ ಅಷ್ಟ ಅಳಸೂದು, ಒಳಗಿನ ಡಿಸ್ಕ್ ಅಳಸೂದಿಲ್ಲ. ಪಟ್ಟಿ, ಲೆಕ್ಕಾ, ಎಲ್ಲಾ ಡಿಸ್ಕಿನ್ಯಾಗ ಇರ್ತೈತಿ. ಹೊಸ ಓಣ್ಯಾಗ ಅದೇ ಡಿಸ್ಕ್ ಹಾಕಿ ಹೊಸ ಮಶೀನ್ ಎಬ್ಬಸ್ತೇನಿ. ಡಿಸ್ಕಿಂದೂ ಒಂದು ಕಾಪಿ ಮುಂಜಾನೇನ ತಗದಿಟ್ಟೇನಿ."

"ಗಾಬರಿ ಆಗಬ್ಯಾಡ ಗಂಗಾ," ಅಂದೆ. "ಗಲಗಲ್ಯಾಗ ಹೊಳಿ ಏರಿ ನಮ್ಮ ತವರಮನಿ ಬಿಟ್ಟಾಗ ನಮ್ಮಪ್ಪ ಗ್ವಾಡಿ ಹೊತಕೊಂಡು ಬಂದನೇನು? ಮಂದಿನ್ನ, ದನಾನ್ನ, ಜ್ವಾಳಾನ್ನ ತಂದ. ದಂಡೀ ಮ್ಯಾಲ ಹೊಸಾ ಗ್ವಾಡಿ ಎಬ್ಬಿಸಿದ. ಮನಿ ಅದ ಆತು."

ಹೊಳೆ ಏರಿದಾಗ ನಾನು ಹತ್ತು ದಿನದ ಕೂಸು, ಇದೆಲ್ಲ ಕೇಳಿದ ಮಾತು. ಆದರೆ ಗಂಗಾಂಬಿಕಾಳಿಗೆ ಅದನ್ನು ಹೇಳಿ ಏನಾಗಬೇಕಿತ್ತು?

ಅಳಿಸುವ ಮುನ್ನ ಪರದೆಯ ಮೇಲೆ ಒಂದು ಚೀಟಿಯಂಥದ್ದು ಬಂತು. ಮಶೀನಿನ ಜೊತೆ ಇನ್ನೂ ಏನೇನು ಅಳಿಸಲಿ ಎಂದು ಕೇಳುವ ಚೀಟಿಯಂತೆ. ಡಿಸ್ಕಿನ ಮುಂದೆ ಆಗಲೇ ಗುರುತು ಬಿದ್ದಿತ್ತು. ವೈಶಾಲಿಯ ಬೆರಳು ನಿಂತಿತು. "ಇದನ್ನ ನೋಡದ ಒತ್ತಿದ್ರ ಎರಡು ವರ್ಷದ್ದು ಹೊಳ್ಯಾಗ ಹೋಗತಿತ್ತು ಆಯಿ," ಎಂದು ಮೆಲ್ಲಗೆ ಹೇಳಿ ಆ ಗುರುತು ತೆಗೆದಳು. ಮೂರು ಸಲ ಓದಿದಳು. ಆಮೇಲೆ ಒತ್ತಿದಳು.

ಮಶೀನು ಹೋಯಿತು. ಸದ್ದಿಲ್ಲ, ಹೊಗೆಯಿಲ್ಲ. ಒಂದು ಬೆಕ್ಕು ಮನೆ ಬಿಟ್ಟು ಹೋದರೂ ಇದಕ್ಕಿಂತ ಹೆಚ್ಚು ಗದ್ದಲವಾಗುತ್ತದೆ. ಗಂಗಾಂಬಿಕಾ ಮಾತ್ರ ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು, ರವಿಕೆಗೆಲ್ಲ ಹಿಟ್ಟು.

ಹನ್ನೊಂದು ಹೊಡೆಯುವ ಹೊತ್ತಿಗೆ ಹೊಸ ಓಣಿಯಲ್ಲಿ ಹೊಸ ಮಶೀನು ಎದ್ದು ಕುಳಿತಿತ್ತು. ವೈಶಾಲಿಯ ಲ್ಯಾಪ್‌ಟಾಪಿನಲ್ಲಿ ಪಟ್ಟಿ ಬಂತು. ಒಂದು ಸಾಲೂ ಕಳೆದಿರಲಿಲ್ಲವಂತೆ. ಅವಳು ನನ್ನ ಕೆನ್ನೆ ಹಿಂಡಿದಳು. ನಾನು ಒಂದು ಹಿಡಿ ಶೇಂಗಾ ಬಾಯಿಗೆ ಹಾಕಿಕೊಂಡೆ.

ಅದನ್ನು ಅಗಿದು ಮುಗಿಸುವಷ್ಟರಲ್ಲಿ ಫೋನು. ಜಮಖಂಡಿಯ ಸರಿತಾ.

"ವೈಶಾಲಿ, ಇಲ್ಲೇನೂ ಕಾಣವಲ್ದವಾ. ಬರೇ ಒಂದು ಬಳಿ ಗರಗರ ತಿರಗಾಕತ್ತೈತಿ."

ಅದರ ಹಿಂದೆಯೇ ಮುಧೋಳದ ಪ್ರೀತಿ. ಅದರ ಹಿಂದೆ ಬೀಳಗಿಯ ಯಲ್ಲಕ್ಕ: "ನನ್ನ ಡಬ್ಬಿ ಸತ್ತೈತಿ ನೋಡವಾ, ಅಳಾಕ ಯಾರೂ ಇಲ್ಲ." ಗಂಗಾಂಬಿಕಾ ಪಡಸಾಲೆಯ ತನ್ನ ಕಂಪ್ಯೂಟರ್ ನೋಡಿ ಬಂದಳು. ಅಲ್ಲಿಯೂ ಅದೇ ಬಳೆ, ಅದೇ ಗರಗರ. ಅವಳು ಗೋಡೆಯ ಗಡಿಯಾರ ನೋಡಿದಳು. ಹನ್ನೊಂದೂ ಕಾಲು.

ವೈಶಾಲಿಯ ಮುಖ ಹೆಸರುಬೇಳೆಯ ಹಾಗೆ ಹಳದಿಯಾಯಿತು. ಅವಳ ಲ್ಯಾಪ್‌ಟಾಪಿಗೆ ಬರುವ ಪಟ್ಟಿ ಉಳಿದ ನಾಲ್ವರಿಗೆ ಯಾಕೆ ಬರುವುದಿಲ್ಲ? ಮೂವರನ್ನೂ ಒಂದೇ ಫೋನಿನಲ್ಲಿ ಕೂಡಿಸಿ, ಎಲ್ಲರಿಗೂ ಕೇಳುವಂತೆ ದನಿ ದೊಡ್ಡದು ಮಾಡಿ ಕಟ್ಟೆಯ ಮೇಲೆ ಇಟ್ಟಳು.

"ಕಾಕು, ಪರದಿ ಮ್ಯಾಲ ಎಲ್ಲಾಕಿಂತ ಮ್ಯಾಲಿನ ಸಾಲಿನ್ಯಾಗ ಏನೈತಿ, ಓದು."

"ಹತ್ತು, ಸೊನ್ನಿ, ಸೊನ್ನಿ, ನಾಕು," ಅಂದಳು ಸರಿತಾ.

"ನಂದೂ ಅದ," ಅಂದಳು ಪ್ರೀತಿ.

"ನಂದೂ," ಅಂದಳು ಯಲ್ಲಕ್ಕ.

"ಅದು ಹಳೇ ಓಣಿ ನಂಬರು! ನಾ ನಿಮಗ ಚೀಟ್ಯಾಗ ಮಶೀನಿನ ಹೆಸರ ಬರಕೊಟ್ಟಿದ್ನಲ್ಲಾ? ನಂಬರು ಸುಮ್ಮ ಬಾಜೂಕ ಬರದಿದ್ದೆ. ಓಣಿ ಬದಲಾದ್ರ ನಂಬರು ಬದಲಾಗ್ತೈತಿ, ಹೆಸರು ಬದಲಾಗೂದಿಲ್ಲ. ನಾಕೂ ಮಂದಿ ನಂಬರ ಯಾಕ ಹೊಡದ್ರಿ?"

ಮೂರೂ ಊರಿನವರು ಕೆಮ್ಮಿದರು. ಗಂಗಾಂಬಿಕಾ ಸೆರಗಿನ ತುದಿ ನೋಡತೊಡಗಿದಳು. ಆಗ ನನಗೆ ತಿಳಿಯಿತು.

ಎರಡು ವರ್ಷದ ಹಿಂದೆ ಮಶೀನು ಮಾಡಿದಾಗ ವೈಶಾಲಿ ಅದಕ್ಕೆ ತನ್ನ ಅಜ್ಜನ ಹೆಸರು ಇಟ್ಟಿದ್ದಳು. ರೊಟ್ಟಿಯ ಕೆಲಸಕ್ಕೆ ಮೊದಲ ಒಲೆ ಹೂಡಿಕೊಟ್ಟವರು ಅವರೇ ಎಂದು. ಒಳ್ಳೆಯ ಬುದ್ಧಿ. ಆದರೆ ಅವಳ ಅಜ್ಜ ನನಗೆ ಗಂಡ. ಮೂವರು ಸೊಸೆಯರಿಗೆ ಮಾವ. ಯಲ್ಲಕ್ಕನಿಗೆ ಭಾವ. ಗಂಡನ ಹೆಸರನ್ನು ಹೆಂಡತಿ ಹೇಳುವುದಿಲ್ಲ, ಮಾವನ ಹೆಸರನ್ನು ಸೊಸೆ ಹೇಳುವುದಿಲ್ಲ, ಭಾವನ ಹೆಸರನ್ನು ಹೇಳಿದವಳ ಕಥೆಯನ್ನೇ ನಾನು ಕೇಳಿಲ್ಲ. ನಾಲ್ಕು ಅಂಗಡಿಯಲ್ಲೂ ಕುಳಿತವರು ಈ ಮನೆಗೆ ಬಂದ ಹೆಂಗಸರು. ಒಬ್ಬರಿಗೊಬ್ಬರು ಹೇಳದೆ, ಕೇಳದೆ, ನಾಲ್ವರೂ ಹೆಸರು ಬಿಟ್ಟು ನಂಬರು ಹೊಡೆದಿದ್ದರು.

"ಆತು, ಹೊಸಾ ನಂಬರು ಕೊಡು," ಅಂದಳು ಗಂಗಾಂಬಿಕಾ. "ಅದನ್ನ ಹೊಡೀತೇವಿ."

"ನಡಿಯೂದಿಲ್ಲ ಯವ್ವಾ. ಹೊಸಾ ಓಣಿ ಬಾಗಲಕ್ಕ ಕಾವಲಿ ಇಟ್ಟೇನಿ. ಹೆಸರು ಹೇಳಿದವರನ್ನ ಅಷ್ಟ ಒಳಗ ಬಿಡ್ತೈತಿ. ನಂಬರು ಹಿಡಕೊಂಡು ಬಂದವರಿಗೆ ಬಾಗಲಾ ತಗಿಯೂದಿಲ್ಲ. ಕಳ್ಳರು ಬರೂದು ನಂಬರು ಹುಡಕ್ಕೋಂತ."

"ಹಂಗಾದ್ರ ಹೆಸರು ಬದಲ ಮಾಡು."

"ಮಾಡಬೌದು. ಬಾಗಲದ ಕೀಲಿನೂ ಅದ ಹೆಸರಿಲೆ ಮಾಡಿಸೇನಿ, ಅದನ್ನೂ ಹೊಸದಾಗಿ ಮಾಡಸಬೇಕು. ಹನ್ನೆರಡರೊಳಗ ಆಗೂದಿಲ್ಲ." ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. "ಸರಿತಾ ಕಾಕು, ಹೆಸರು ಬರೀ. ಅಂದಾನೆಪ್ಪ. ಇಂಗ್ಲೀಷಿನ್ಯಾಗ, ಸಣ್ಣ ಅಕ್ಷರ."

ಹೆಸರು ಹೇಳಿದವಳು ಅವಳು, ನಾನಲ್ಲ. ನಾನು ಅವಳ ಮಾತನ್ನು ನಿಮಗೆ ಮುಟ್ಟಿಸುತ್ತಿದ್ದೇನೆ, ಅಷ್ಟೇ.

"ಅಯ್ಯ ನಮ್ಮವ್ವಾ," ಅಂದಳು ಸರಿತಾ. "ಮಾವಾರ ಹೆಸರು ನಾ ಹೆಂಗ ಬರೀಲಿ?"

"ಭಾವಾರ ಮುಂದ ನಾ ಒಂದಿನ ತಲಿ ಮ್ಯಾಲಿನ ಸೆರಗ ಸರಿಸಿದಾಕಿ ಅಲ್ಲ," ಅಂದಳು ಯಲ್ಲಕ್ಕ. "ಈಗ ಬೆರಳಿಲೆ ತಿವಿದು ತಿವಿದು ಕರೀಲೇನು ಅವರನ್ನ? ಬಾಜೂಕ ಚಾದಂಗಡಿಯಾಂವ ಅದಾನ, ಅವನ ಕಡೆ ಬರಸ್ತೇನಿ."

"ಬ್ಯಾಡ ಸಣ್ಣಾಯಿ! ಹೆಸರಿನ ಹಿಂದ ಪಾಸ್‌ವರ್ಡ್ ಕೇಳ್ತೈತಿ. ಹೊರಗಿನವರನ್ನ ಅಲ್ಲಿ ಕುಂದರಸಬಾರದು. ಅದಕ್ಕ ಅಲ್ಲೇನ ಇಷ್ಟೆಲ್ಲಾ ಮಾಡಿದ್ದು?"

ನಾನು ಪ್ರೀತಿಯನ್ನು ಹಿಡಿದೆ. ಅವಳು ಎಂ.ಕಾಂ. ಓದಿದವಳು. "ಏನ ಪ್ರೀತೀ, ಗಂಡನ್ನ 'ಕಲ್ಮೇಶ, ಕಲ್ಮೇಶ' ಅಂತ ಮುಧೋಳದಾಗ ಕರದ್ರ ನಮಗ ರಬಕವ್ಯಾಗ ಕೇಳಸ್ತೈತಿ. ಮಾವನ ಹೆಸರಿಗೆ ನಿನ್ನ ಬೆರಳಿಗೆ ಏನ ಮುಳ್ಳು ಚುಚ್ಚೈತಿ?"

"ನಂದೇನಿಲ್ರಿ ಅತ್ತಿ. ನಿಮಗ ಬ್ಯಾಸರ ಆಗಬಾರದಂತ."

"ನಾ ಯಾವಾಗ ಹೇಳೇನಿ ಬರೀಬ್ಯಾಡ್ರಿ ಅಂತ?"

"ಹೇಳಿಲ್ರಿ. ಆದ್ರ ನೀವ ಹೇಳೂದಿಲ್ಲಲ್ರಿ, ಮಾವಾರ ಹೆಸರು. ನೀವು ಹೇಳದ್ದು ನಾವು ಹೆಂಗ ಬರಿಯೂದ್ರಿ?"

ನನ್ನ ಬಾಯಿ ಮುಚ್ಚಿಸಿದವರು ಈ ಭೂಮಿಯ ಮೇಲೆ ಇಬ್ಬರೇ. ಹಲ್ಲು ಕಿತ್ತ ಡಾಕ್ಟರು, ಪ್ರೀತಿ.

"ಅಕ್ಕಾರ," ಎಂದಳು ಯಲ್ಲಕ್ಕ, ದನಿ ಇಳಿಸಿ. "ನೀವ ಮೊದಲ ಹೇಳ್ರಿ. ಒಡಪು ಹಾಕಿ ಹೇಳ್ರಿ. ನೀವು ಹೇಳಿದ್ರ ನಾವೆಲ್ಲಾರೂ ಬರೀತೇವಿ."

ನಮ್ಮ ಕಡೆ ಹೆಂಗಸು ಗಂಡನ ಹೆಸರು ಹೇಳುವುದು ಒಡಪಿನಲ್ಲಿ ಮಾತ್ರ. ಮದುವೆಯಲ್ಲಿ, ಸೀಮಂತದಲ್ಲಿ ಬಾಗಿಲಿಗೆ ಅಡ್ಡ ನಿಂತು ತಡೆಯುತ್ತಾರೆ. ನಾಲ್ಕು ಸಾಲು ಹೊಸೆದು, ಕೊನೆಯಲ್ಲಿ ಹೆಸರು ಹೇಳಿದರೆ ದಾರಿ ಬಿಡುತ್ತಾರೆ. ನನ್ನ ಒಡಪು ಕೇಳಲು ತೇರದಾಳದಿಂದ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರು. ಹೋಗಲಿ, ಒಂದು ಚಕ್ಕಡಿ ಬಂದಿತ್ತು, ಅದೂ ಬೀಗರದು. ಆದರೆ ಅದು ಮುತ್ತೈದೆಯರ ಆಟ. ನನ್ನವರು ಹೋಗಿ ಒಂಬತ್ತು ವರ್ಷವಾಯಿತು. ಒಂಬತ್ತು ವರ್ಷದಿಂದ ಯಾವ ಬಾಗಿಲಲ್ಲೂ ನನ್ನನ್ನು ಯಾರೂ ತಡೆದಿಲ್ಲ. ಎಲ್ಲರೂ ಸರಿದು ದಾರಿ ಬಿಡುತ್ತಾರೆ. ಮರ್ಯಾದೆ ಅದು, ಗೊತ್ತು. ಆದರೂ ತಡೆಯದ ಬಾಗಿಲು ದಾಟುವುದು ಎಷ್ಟು ಭಾರ ಎಂದು ತಡೆಯದವರಿಗೆ ಹೇಗೆ ತಿಳಿಯಬೇಕು?

"ಬ್ಯಾಡ್ರಿ ಅತ್ತಿ," ಅಂದಳು ಗಂಗಾಂಬಿಕಾ. "ನಿಮಗ್ಯಾಕ ಈ ತ್ರಾಸ? ಇವತ್ತ ಒಂದಿನ ಟೆಂಪೋ ತಡಾ ಹೋಗಲಿ. ಸೋಮವಾರ ಕಂಪನ್ಯಾವರು ಬಂದು ಎಲ್ಲಾ ಸರಿ ಮಾಡ್ತಾರ."

ಅವಳು ನನ್ನ ಒಳ್ಳೆಯದಕ್ಕೇ ಹೇಳಿದಳು. ಆದರೆ ಆ ಕಡೆ ವೈಶಾಲಿ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಕೈ ಇಟ್ಟಿದ್ದಳು. ಎರಡು ವರ್ಷ ದುಡಿದ ಹುಡುಗಿ, ಮುಂಜಾನೆಯಿಂದ ಒಂದು ತಪ್ಪೂ ಮಾಡದ ಹುಡುಗಿ, ನನ್ನ ಬಾಯಿ ಬಿಗಿದಿದ್ದಕ್ಕಾಗಿ ಕೆಲಸ ಬಿಟ್ಟುಕೊಟ್ಟು ಒಲೆಯ ಮುಂದೆ ಕೂರಬೇಕೇ?

"ಮುಚ್ಚಬ್ಯಾಡ ಅದನ್ನ," ಅಂದೆ. ಶೇಂಗಾದ ಬುಟ್ಟಿ ಸರಿಸಿದೆ. ಕಾಲು ಮಡಚಿ ನೆಟ್ಟಗೆ ಕುಳಿತೆ. ಹಿತ್ತಲಲ್ಲಿ ರೊಟ್ಟಿ ಬಡಿಯುವ ಸದ್ದು ಒಂದೊಂದೇ ಒಲೆಯಲ್ಲಿ ನಿಂತಿತು. ಹದಿನಾಲ್ಕು ಹೆಂಗಸರು ಬಾಗಿಲಿಗೆ ಬಂದು ನಿಂತರು. ದನಿ ಎತ್ತಿದೆ:

"ಹೊಳಿ ದಂಡಿ ಗಾಳಿಗೆ ತೂಗತಾವ ಜ್ವಾಳದ ತೆನಿ,
ರೊಟ್ಟಿ ಬಡಿಯೂ ಸಪ್ಪಳಕ್ಕ ಎದ್ದು ಕುಂಡರತೈತಿ ಮನಿ,
ಓಣಿ ಬದಲಾದ್ರೇನ, ಒಳಗಿದ್ದವರು ಅವರ,
ಅಂದಾನೆಪ್ಪನವರ ಹೆಸರ ಹೇಳತೇನಿ, ಬರಕೊಳ್ರಿ ಎಲ್ಲಾರ."

ಬೀಳಗಿಯಿಂದ ಯಲ್ಲಕ್ಕ, ಅಳುತ್ತಿದ್ದಳೋ ನಗುತ್ತಿದ್ದಳೋ, "ಅಕ್ಕಾರ, ನಿಮ್ಮ ಒಡಪು ಇನ್ನೂ ಸಿಹಿ ಕರಿಗಡಬ ಇದ್ದಂಗ ಐತ್ರಿ" ಅಂದಳು. ನನಗೂ ಹಾಗೆಯೇ ಅನ್ನಿಸಿತು. ಬಾಯಲ್ಲಿ ಹೆಸರಿನ ರುಚಿ ಉಳಿದಿತ್ತು. ಇಷ್ಟು ವರ್ಷ ಇದನ್ನು ಯಾರಿಗಾಗಿ ಬಚ್ಚಿಟ್ಟಿದ್ದೆ?

"ಬರಿ ಕಾಕು, ಲಗೂನ!" ಎಂದು ವೈಶಾಲಿ ಒಂದೊಂದೇ ಅಕ್ಷರ ಕೂಗಿದಳು. ಜಮಖಂಡಿಯಲ್ಲಿ ಪಟ್ಟಿ ಬಂತು. "ಬಂತವಾ, ಬಂತು!" ಎಂದ ಸರಿತಾಳ ಕೂಗಿಗೆ ಅಲ್ಲಿಯ ಗಿರಾಕಿಯೊಬ್ಬ ಯಾರಿಗೆ ಗಂಡು ಹುಟ್ಟಿತೆಂದು ಕೇಳಿದ್ದು ಫೋನಿನಲ್ಲಿ ನಮಗೂ ಕೇಳಿಸಿತು. ಮುಧೋಳದಲ್ಲಿ ಬಂತು. ಬೀಳಗಿಯದು ತಡವಾಯಿತು, ಯಲ್ಲಕ್ಕ ಒಂದೊಂದು ಅಕ್ಷರಕ್ಕೂ ಕೈ ಮುಗಿಯುತ್ತಿದ್ದಳು.

"ಅಕ್ಕಾರ, ಇಂಗ್ಲೀಷಿನ್ಯಾಗ ಬರದ್ರ ಅರ್ಧಾ ದೋಷ ಅಲ್ರೀ?"

"ಪೂರಾ ದೋಷ ನನ್ನ ತಲಿ ಮ್ಯಾಲ ಹಾಕು, ನೀ ಬರಿ!"

ಬೀಳಗಿಯಲ್ಲೂ ಬಂತು. ಹನ್ನೆರಡಕ್ಕೆ ಐದು ನಿಮಿಷ. ಹೊರಗೆ ಮುರಗೆಪ್ಪ ಟೆಂಪೋದ ಹಾರ್ನ್ ಬಾರಿಸತೊಡಗಿದ್ದ. ಉಳಿದದ್ದು ಒಂದೇ, ನಮ್ಮ ಪಡಸಾಲೆಯದು. ಗಂಗಾಂಬಿಕಾಳದು.

ವೈಶಾಲಿ ಎದ್ದಳು. "ಯವ್ವಾ, ನಾನ ಬರೀತೇನಿ ಬಿಡು. ನನಗ ಅವರು ಅಜ್ಜ, ನನಗೇನೂ ದೋಷ ಇಲ್ಲ."

"ಕುಂದ್ರು," ಅಂದಳು ಗಂಗಾಂಬಿಕಾ. "ಈ ಕುರ್ಚಿ ನಂದು."

ಒಳಗೆ ಹೋಗಿ ಹಿಟ್ಟಿನ ಕೈ ತೊಳೆದು ಬಂದಳು. ಹಾರ್ನ್ ಬಾರಿಸುತ್ತಲೇ ಇತ್ತು, ಅವಳು ಅವಸರ ಮಾಡಲಿಲ್ಲ. ತಲೆಯ ಮೇಲೆ ಸೆರಗು ಹೊದ್ದಳು, ಕುರ್ಚಿಯಲ್ಲಿ ಕುಳಿತಳು, ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಒಂದು ಬೆರಳಿನಿಂದ, ಹಸಿ ಗೋಡೆಗೆ ಸುಣ್ಣ ಮುಟ್ಟಿಸಿದ ಹಾಗೆ, ಒಂದೊಂದೇ ಅಕ್ಷರ ಒತ್ತಿದಳು. ತುಟಿ ಅಲುಗುತ್ತಿತ್ತು. ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಆ ಹೆಸರು ಅವಳ ತುಟಿಯ ಮೇಲೆ ಬಂದದ್ದು ಅದೇ ಮೊದಲು. ಬಾಗಿಲಲ್ಲಿದ್ದ ಹದಿನಾಲ್ಕು ಹೆಂಗಸರು ಕತ್ತು ಉದ್ದ ಮಾಡಿದ್ದರು; ಒಬ್ಬೊಬ್ಬರದೂ ಮೊಳ ಮೊಳ ಬೆಳೆದಿತ್ತು ಎಂದರೂ ನಡೆಯುತ್ತದೆ.

ಕೊನೆಯ ಅಕ್ಷರ ಒತ್ತಿದಳು. ಬಳೆ ಒಂದು ಸುತ್ತು ತಿರುಗಿ ನಿಂತಿತು. ಗಂಗಾಂಬಿಕಾ ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು, ಮತ್ತೆ ಓದಿದಳು. ಆಮೇಲೆ ಕುರ್ಚಿ ತಿರುಗಿಸಿ ಮಗಳ ಮುಖ ನೋಡಿ ಒಂದು ಮಾತು ಅಂದಳು. ಕೂಗಿ ಹೇಳಲಿಲ್ಲ, ಆದರೆ ಫೋನಿನಲ್ಲಿದ್ದ ಮೂರೂ ಊರಿಗೆ ಕೇಳಿಸಿತು, ಮುರಗೆಪ್ಪನ ಹಾರ್ನ್ ನಿಂತಿತು, ವೈಶಾಲಿ ನನ್ನ ಶೇಂಗಾದ ಬುಟ್ಟಿಯನ್ನು ಒದ್ದುಕೊಂಡು ಓಡಿ ಹೋಗಿ ಅವ್ವನ ಕೊರಳಿಗೆ ಬಿದ್ದಳು. ಅರ್ಧ ತಾಸು ನಾನೊಬ್ಬಳೇ ಶೇಂಗಾ ಆರಿಸಿದೆ.

ಏನಂದಳು ಅವಳವ್ವ? ಸೋಮವಾರ ಕಂಪನಿಯವರು ನಮ್ಮ ಮನೆಯ ಬಾಗಿಲು ಬಡಿದರೋ, ಇಲ್ಲವೋ? ಮುಂಜಾನೆಯಿಂದ ನಾನೇ ಹೇಳುತ್ತಿದ್ದೇನೆ, ನನ್ನ ಗಂಟಲು ಒಣಗಿದೆ. ಈಗ ನೀವು ಹೇಳಿ ನೋಡೋಣ.